ತೊಗರಿ ದರದ ಎಪಿಐಗೆ ಯಾವ ಓಪನ್ ಸೋರ್ಸ್ ಟೂಲ್? ಕಲಬುರಗಿ ವ್ಲಾಗ್

ನಮಸ್ಕಾರ ಎಲ್ಲರಿಗೂ. ಇದು ನಮ್ಮ ಕಲಬುರಗಿಯ ನೆಹರು ಗಂಜ್. ಜನವರಿ ತಿಂಗಳು, ಹೊಸ ತೊಗರಿ ಬರುವ ಹೊತ್ತು. ಕಾಲಿಡಲು ಜಾಗ ಇಲ್ಲ, ನೋಡಿ. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಗೊತ್ತಿರಬೇಕು ನಿಮಗೆ. ಆ ಚೀಲದ ಮೇಲೆ ಕೂತು ಫೋನ್ ನೋಡುತ್ತಿರುವವರು ನಮ್ಮ ಕಾಕಾ. ದಿನಾ ಅವರಿಗೆ ಬೇಕಾಗಿರುವುದು ಇಷ್ಟೇ: ಕ್ವಿಂಟಲ್‌ಗೆ ಕಮ್ಮಿ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು. ಅದಕ್ಕೇ ಒಂದು ಸಣ್ಣ ಎಪಿಐ, ಅಂದರೆ ಆ್ಯಪ್‌ಗಳು ಡೇಟಾ ಕೇಳುವ, ಕೊಡುವ ದಾರಿ, ಕಟ್ಟುತ್ತಿದ್ದೇನೆ. ದರ ಹಾಕಲು ಒಂದು ಎಂಡ್‌ಪಾಯಿಂಟ್ (ಎಪಿಐನ ಒಂದು ವಿಳಾಸ), ದರ ಕೇಳಲು ಇನ್ನೊಂದು.

"ಕಾಕಾ, ಇದನ್ನ ಹೆಂಗ ಟೆಸ್ಟ್ ಮಾಡ್ಲಿ?" ಅಂತ ಕೇಳಿದೆ. "ರೇಟ್ ಖರೇ ಬಂದ್ರ ಸಾಕಪಾ, ಉಳಿದಿದ್ದು ನನಗ್ಯಾಕ?" ಅಂದರು. ಟೆಸ್ಟಿಂಗ್ ಅಂದರೆ ಅದೇ ಅಲ್ವಾ!

ಈಗ ರೂಮಿಗೆ ಬಂದೆ. ಇನ್‌ಸ್ಟಾಲ್ ಮಾಡುವುದೆಲ್ಲ ಸ್ಕ್ರೀನ್ ಮೇಲೆ ಓಡುತ್ತಿದೆ, ಹೇಳುತ್ತಾ ಕೂರುವುದಿಲ್ಲ. ಕಟ್ಟಲು ಆರಿಸಿದ್ದು ಫಾಸ್ಟ್‌ಎಪಿಐ, ಪೈಥಾನ್‌ನಲ್ಲಿ ಎಪಿಐ ಕಟ್ಟುವ ಫ್ರೇಮ್‌ವರ್ಕ್. ಜಾಂಗೋ ರೆಸ್ಟ್ ಫ್ರೇಮ್‌ವರ್ಕ್ ಒಳ್ಳೆಯದೇ, ಆದರೆ ಎರಡು ಎಂಡ್‌ಪಾಯಿಂಟ್‌ಗೆ ಅಷ್ಟು ದೊಡ್ಡ ಸಾಮಾನು ಬೇಡ. ಜಾವಾಸ್ಕ್ರಿಪ್ಟ್‌ನ ಎಕ್ಸ್‌ಪ್ರೆಸ್ 2010ರಿಂದ ಇದೆ, ಗಟ್ಟಿಯಾಗಿದೆ. ಆದರೆ ಬಂದ ಡೇಟಾ ಸರಿ ಇದೆಯಾ ಅಂತ ನೋಡಲು ಬೇರೆ ಲೈಬ್ರರಿ ಸೇರಿಸಬೇಕು. ಫಾಸ್ಟ್‌ಎಪಿಐನಲ್ಲಿ ಪೈಥಾನ್ ಟೈಪ್ ಬರೆದರೆ ಸಾಕು, ಆ ಕೆಲಸ ಅದರ ಜೊತೆಗೇ ಬರುವ ಪೈಡಾಂಟಿಕ್ ಲೈಬ್ರರಿ ನೋಡಿಕೊಳ್ಳುತ್ತದೆ. ದರ ಇರಬೇಕಾದ ಜಾಗದಲ್ಲಿ ಯಾರಾದರೂ "ಏಳು ಸಾವಿರ" ಅಂತ ಅಕ್ಷರದಲ್ಲಿ ಬರೆದು ಕಳಿಸಿದರೆ 422, ಅಂದರೆ ಡೇಟಾ ಸರಿ ಇಲ್ಲ ಅಂತ ವಾಪಸ್ ಬರುತ್ತದೆ. ಜೊತೆಗೆ ಎಪಿಐ ಬಗ್ಗೆ ವಿವರಿಸುವ ಡಾಕ್ಸ್ ಪುಟ ತಾನಾಗೇ ತಯಾರಾಗುತ್ತದೆ. ಅಲ್ಲೇ ಬಟನ್ ಒತ್ತಿ ಎಪಿಐ ಓಡಿಸಿ ನೋಡಬಹುದು. ಇಷ್ಟು ಇರುವಾಗ ಬೇರೆ ಟೆಸ್ಟಿಂಗ್ ಟೂಲ್ ಯಾಕೆ ಬೇಕು ಅಂತ ನೀವು ಕೇಳಬಹುದು.

ಯಾಕೆ ಅಂತ ಈಗ ನೋಡಿ. ಕೆಳಗೆ ರಸ್ತೆ ಅಗೆಯುವ ಮಷಿನ್ ಕಾಣುತ್ತಿದೆಯಲ್ಲ, ಕೇಬಲ್ ಕಟ್ ಆಯಿತು. ಪೂರ್ತಿ ಓಣಿಗೆ ನೆಟ್ ಇಲ್ಲ. ಫೋನ್ ಮಾಡಿದರೆ ಸಂಜೆ ಆಗುತ್ತದೆ ಅಂತಾರೆ. ಯಾವ ಸಂಜೆ ಅಂತ ಹೇಳಲ್ಲ. ಸರಿ, ನನ್ನ ಸರ್ವರ್ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ, ನೆಟ್ ಹೋದರೆ ಏನಾಯಿತು ಅಂತ ಡಾಕ್ಸ್ ಪುಟ ತೆಗೆದೆ. ಬರೀ ಬಿಳಿ ಪುಟ. ರಿಫ್ರೆಶ್ ಮಾಡಿದರೂ ಬಿಳಿ. ಟರ್ಮಿನಲ್‌ನಲ್ಲಿ ಸರ್ವರ್ ಆರಾಮಾಗಿ 200, ಅಂದರೆ ಎಲ್ಲ ಸರಿ ಇದೆ ಅಂತ ತೋರಿಸುತ್ತಿದೆ. ಎಪಿಐನ ವಿವರ ಇರುವ ಓಪನ್‌ಎಪಿಐ ಜೇಸನ್ ಫೈಲ್ ತೆಗೆದರೆ ಅದೂ ಪೂರ್ತಿ ಬರುತ್ತದೆ. ಪುಟ ಮಾತ್ರ ಇಲ್ಲ.

ಕಾರಣ ಇದು. ಡಾಕ್ಸ್ ಪುಟ ತೋರಿಸುವುದು ಸ್ವ್ಯಾಗರ್ ಯುಐ. ಅದರ ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್ ಫೈಲ್‌ಗಳು ನಮ್ಮ ಸರ್ವರ್‌ನಿಂದ ಬರಲ್ಲ. ಏನೂ ಬದಲಿಸದಿದ್ದರೆ ಹೊರಗಿನ ಸಿಡಿಎನ್‌ನಿಂದ, ಅಂದರೆ ನೆಟ್‌ನಲ್ಲಿ ಫೈಲ್ ಹಂಚುವ ಬೇರೆ ಸರ್ವರ್‌ಗಳಿಂದ ಬರುತ್ತವೆ. ಬೆಂಗಳೂರಿನಲ್ಲಿ ಕೂತವರಿಗೆ ಇದು ಕಣ್ಣಿಗೇ ಬೀಳದಿರಬಹುದು. ನಮ್ಮ ಕಡೆ ಕೆಲಸ ಮಾಡುವವರು ಮೊದಲ ದಿನವೇ ತಿಳಿದಿರಬೇಕು. ದಾರಿ ಇದೆ: ಆ ಎರಡು ಫೈಲ್ ಇಳಿಸಿ ಪ್ರಾಜೆಕ್ಟ್‌ನ ಸ್ಟ್ಯಾಟಿಕ್ ಫೋಲ್ಡರ್‌ಗೆ ಹಾಕಿ. ಡಾಕ್ಸ್‌ನ ಮೊದಲಿನ ವಿಳಾಸ ಆಫ್ ಮಾಡಿ, ನಮ್ಮದೇ ಫೈಲ್ ತೋರಿಸುವ ಹೊಸ ಪುಟ ಬರೆಯಿರಿ. ಕೆಲವೇ ಸಾಲಿನ ಕೋಡ್. ಆದರೆ ಫೈಲ್ ಇಳಿಸಲು ನೆಟ್ ಬೇಕು! ಫೋನ್ ಹಾಟ್‌ಸ್ಪಾಟ್ ಹಾಕಿ ಇಳಿಸಿದೆ.

ಅದು ಇಳಿಯುತ್ತಿರುವಾಗ ಊಟ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹಿಂಡಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಒಟ್ಟಿಗೆ ಕೂತು ಇದನ್ನೇ ಉಣ್ಣುತ್ತೇವೆ. ಭಜ್ಜಿಗೆ ಎಷ್ಟು ಕಾಳು, ಎಷ್ಟು ಸೊಪ್ಪು ಬೀಳುತ್ತದೆ ಅಂತ ನಮ್ಮ ಅವ್ವನನ್ನೇ ಕೇಳಬೇಕು. ಅದಕ್ಕೊಂದು ಬೇರೆ ವಿಡಿಯೋ... ಹಾಂ, ಫೈಲ್ ಇಳಿಯಿತು, ಬನ್ನಿ.

ಟೆಸ್ಟಿಂಗ್ ಟೂಲ್‌ಗೆ ಬರೋಣ. ಹಾಪ್‌ಸ್ಕಾಚ್ 2019ರಲ್ಲಿ ಪೋಸ್ಟ್‌ವುಮನ್ ಅನ್ನುವ ಹೆಸರಲ್ಲಿ ಶುರುವಾಗಿದ್ದು. ಬ್ರೌಸರ್‌ನಲ್ಲೇ ತೆರೆಯುತ್ತದೆ, ಹಗುರ, ನೋಡಲು ಚೆಂದ. ಹಳೇ ಲ್ಯಾಪ್‌ಟಾಪ್ ಇದ್ದವರಿಗೆ ಇದೇ ಒಳ್ಳೆಯದು ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ, ಈಗಲೂ ಅರ್ಧ ಹೇಳುತ್ತೇನೆ. ಉಳಿದ ಅರ್ಧ ಯಾಕಿಲ್ಲ ಅಂದರೆ ಸಿಓಆರ್‌ಎಸ್. ಬೇರೆ ವಿಳಾಸದ ಪುಟ ನಮ್ಮ ಲೋಕಲ್‌ಹೋಸ್ಟ್‌ನಿಂದ, ಅಂದರೆ ನಮ್ಮದೇ ಲ್ಯಾಪ್‌ಟಾಪ್‌ನ ಸರ್ವರ್‌ನಿಂದ ಉತ್ತರ ಓದಬೇಕಾದರೆ ನಮ್ಮ ಸರ್ವರ್ ಒಪ್ಪಿಗೆ ಕೊಡಬೇಕು. ಇಲ್ಲದಿದ್ದರೆ ಬ್ರೌಸರ್ ತಡೆಯುತ್ತದೆ. ಇದು ಬ್ರೌಸರ್‌ನ ನಿಯಮ, ಟೂಲ್‌ನ ತಪ್ಪಲ್ಲ. ಹಾಪ್‌ಸ್ಕಾಚ್‌ನ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ನಡೆಯುತ್ತದೆ. ಸರ್ವರ್‌ನಲ್ಲೇ ಎಲ್ಲರಿಗೂ ಒಪ್ಪಿಗೆ ಕೊಟ್ಟುಬಿಡು ಅಂತ ಕೆಲವರು ಹೇಳುತ್ತಾರೆ. ಟೆಸ್ಟ್ ಮಾಡಲು ಬಾಗಿಲು ಪೂರ್ತಿ ತೆರೆದಿಡುವುದು ನನಗೆ ಸುತಾರಾಂ ಇಷ್ಟ ಇಲ್ಲ.

ಅದಕ್ಕೇ ಬ್ರೂನೋ. ಇದು ಡೆಸ್ಕ್‌ಟಾಪ್ ಆ್ಯಪ್. ನಾವು ಮಾಡಿದ ಪ್ರತಿ ರಿಕ್ವೆಸ್ಟ್ ನಮ್ಮದೇ ಫೋಲ್ಡರ್‌ನಲ್ಲಿ ಸಾದಾ ಟೆಕ್ಸ್ಟ್ ಫೈಲ್ ಆಗಿ ಕೂರುತ್ತದೆ. ಅಕೌಂಟ್ ಬೇಡ, ಕ್ಲೌಡ್ ಬೇಡ. ಎಪಿಐ ಕೋಡ್‌ನ ಪ್ರತಿ ಬದಲಾವಣೆ ದಾಖಲಾಗುವ ಗಿಟ್‌ನಲ್ಲೇ ಇವೂ ಇರುತ್ತವೆ. ಬೀದರ್‌ನಲ್ಲಿರುವ ನನ್ನ ಗೆಳೆಯ ಪುಲ್ ಮಾಡಿದರೆ ಕೋಡೂ ಬಂತು, ರಿಕ್ವೆಸ್ಟೂ ಬಂತು. ರಿಕ್ವೆಸ್ಟ್‌ನ ಯಾವ ಹೆಡರ್ ಬದಲಾಯಿತು ಅಂತ, ಹಳೇದು ಹೊಸದು ಹೋಲಿಸುವ ಡಿಫ್‌ನಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಒಂದು ಎಚ್ಚರಿಕೆ: ಟೋಕನ್, ಪಾಸ್‌ವರ್ಡ್ ಆ ಫೈಲ್‌ಗಳಲ್ಲಿ ಬರೆಯಬೇಡಿ. ಬೇರೆ ಎನ್ವ್ ಫೈಲ್‌ನಲ್ಲಿ ಇಟ್ಟು, ಅದು ಗಿಟ್‌ಗೆ ಹೋಗದ ಹಾಗೆ ಗಿಟ್‌ಇಗ್ನೋರ್‌ಗೆ ಸೇರಿಸಿ. ಇದನ್ನು ದಯವಿಟ್ಟು ಮರೆಯಬೇಡಿ.

ಬೆಳಗ್ಗೆ ಗಂಜ್‌ನಲ್ಲಿ ನಿಂತಾಗ ಬ್ರೂನೋ ಒಂದೇ ಸಾಕು ಅಂತಿದ್ದೆ. ಈಗ ಹರ್ಲ್ ಅನ್ನುವ ಇನ್ನೊಂದು ಟೆಸ್ಟಿಂಗ್ ಟೂಲ್ ನೋಡಿದ ಮೇಲೆ ಮನಸ್ಸು ಬದಲಾಗಿದೆ. ಇದಕ್ಕೆ ಕಿಟಕಿ, ಬಟನ್ ಏನೂ ಇಲ್ಲ. ಟೆಕ್ಸ್ಟ್ ಫೈಲ್ ಬರೆದು ಟರ್ಮಿನಲ್‌ನಲ್ಲಿ ಓಡಿಸುವುದು. ಒಳಗೆ ಕೆಲಸ ಮಾಡುವುದು 1998ರಿಂದ ಇರುವ, ಟರ್ಮಿನಲ್‌ನಿಂದಲೇ ರಿಕ್ವೆಸ್ಟ್ ಕಳಿಸುವ ಕರ್ಲ್‌ನ ಲೈಬ್ರರಿ. ಮೊದಲು ದರ ಹಾಕು, ಆಮೇಲೆ ಅದೇ ದರ ಕೇಳು, ಕಮ್ಮಿ ದರ ಜಾಸ್ತಿ ದರವನ್ನು ಮೀರಬಾರದು, ಹೀಗೆ ಸಾಲಾಗಿ ಬರೆದಿದ್ದೇನೆ. ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ನೆಟ್ ಇನ್ನೂ ಬಂದಿಲ್ಲ, ನೆನಪಿರಲಿ.

ಸ್ಕೀಮಾಥೆಸಿಸ್ ಅನ್ನೋದೂ ಇದೆ. ಓಪನ್‌ಎಪಿಐ ಫೈಲ್ ಓದಿ ಮೈನಸ್ ದರ, ಖಾಲಿ ಹೆಸರು, ಏನೇನೋ ವಿಚಿತ್ರ ಡೇಟಾ ತಾನೇ ಹುಟ್ಟಿಸಿ ಕಳಿಸುತ್ತದೆ. ಸರ್ವರ್ ಒಳಗೇ ಎಡವಿ 500 ಕೊಟ್ಟರೆ ಹಿಡಿದು ತೋರಿಸುತ್ತದೆ. ಅದನ್ನು ಮುಂದಿನ ವಿಡಿಯೋದಲ್ಲಿ ಓಡಿಸುತ್ತೇನೆ, ಈಗ ಬ್ಯಾಟರಿ ಕೆಂಪಾಗಿದೆ.

ಸದ್ಯಕ್ಕೆ ಕಟ್ಟಲು ಫಾಸ್ಟ್‌ಎಪಿಐ, ಕೈಯಿಂದ ನೋಡಲು ಬ್ರೂನೋ, ದಿನಾ ಓಡಿಸಲು ಹರ್ಲ್. ಸ್ಟ್ಯಾಟಿಕ್ ಫೋಲ್ಡರ್‌ನ ಕೋಡ್ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿರುತ್ತೇನೆ. ಯಾದಗಿರಿ ಕಡೆಯವರು ಯಾರಾದರೂ ಹತ್ತಿ ದರಕ್ಕೆ ಇಂಥದ್ದು ಮಾಡುತ್ತಿದ್ದರೆ ಕಾಮೆಂಟ್ ಮಾಡಿ, ಎರಡನ್ನೂ ಒಂದೇ ಎಪಿಐಗೆ ಸೇರಿಸೋಣ.