ಮೊಲದ ನಾಯಿ ಬೇಕೆಂದು ಬಂದ ಹುಡುಗ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಶಿರಾ ಕಡೆಯ ಹುಡುಗನೊಬ್ಬ ನಮ್ಮ ದವಾಖಾನೆಗೆ ಬಂದಿದ್ದ. ಮೂರು ಎಕರೆ ಕಡಲೆಕಾಯಿ, ಒಂದಿಷ್ಟು ಅಡಿಕೆ, ಎರಡು ಎಮ್ಮೆ ಇಟ್ಟುಕೊಂಡವನು. ಎಮ್ಮೆಗೆ ಔಷಧಿ ಬರೆಸಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ಬಂದ. "ಸಾರ್, ಎಲ್ಲದಕ್ಕೂ ಆಗೋ ಒಂದು ಬೇಟೆ ನಾಯಿ ಹೇಳಿ. ಮೊಲ ಹಿಡೀಬೇಕು, ಹಕ್ಕಿ ಎಬ್ಬಿಸಬೇಕು, ಮನೇನೂ ಕಾಯಬೇಕು" ಅಂದ. ಮೊಬೈಲಿನಲ್ಲಿ ಏಳೆಂಟು ನಾಯಿಗಳ ಫೋಟೋ ತೋರಿಸಿದ. ಒಂದಕ್ಕಿಂತ ಒಂದು ಚಂದ.

ನಾನು ಪಶುವೈದ್ಯ. ಕೇಳಿದ್ದಕ್ಕೆ ಚೀಟಿ ಬರೆದುಕೊಟ್ಟು ಕಳಿಸುವ ಅಭ್ಯಾಸ. ಇದಕ್ಕೆ ಮಾತ್ರ ಚೀಟಿ ಸಾಲಲಿಲ್ಲ. ಕೂತ್ಕೋ ಅಂದೆ.

ಮೊದಲು ಮೊಲದ ವಿಷಯ ಮುಗಿಸಿದೆವು. ನಮ್ಮ ತಾತನ ಕಾಲದಲ್ಲಿ ಹೊಸತೊಡಕು ಬಂತೆಂದರೆ ಊರಿನವರೆಲ್ಲ ನಾಯಿ ಬಿಟ್ಟುಕೊಂಡು ಗುಡ್ಡ ಹತ್ತುತ್ತಿದ್ದರು. ಆ ಕಥೆ ಕೇಳುತ್ತಲೇ ನಾನೂ ಬೆಳೆದವನು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿದೆ. ಕೊಂದರೆ ಮಾತ್ರ ಬೇಟೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಾಯಿ ಬಿಟ್ಟು ಬೆನ್ನಟ್ಟಿಸಿದರೂ ಬೇಟೆ, ಉರುಳು ಹಾಕಿದರೂ ಬೇಟೆ, ಬಲೆ ಒಡ್ಡಿದರೂ ಬೇಟೆ. ಮೊಲ ಕೈಗೆ ಸಿಗದಿದ್ದರೂ ಪ್ರಯತ್ನ ಪಟ್ಟಿದ್ದೇ ಸಾಕು, ಕೇಸು ಬೀಳುತ್ತದೆ. ಗೌಜಲ ಹಕ್ಕಿಗೂ ಇದೇ ಮಾತು. ಹುಡುಗನ ಮುಖ ಸ್ವಲ್ಪ ಇಳಿಯಿತು. "ಹಂಗಾದ್ರೆ ಬೇಟೆ ನಾಯಿ ಯಾಕೆ ಸಾರ್ ಮಾರ್ತಾರೆ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ, ಅಲ್ವಾ?

ಎಲ್ಲದಕ್ಕೂ ಆಗುವ ಒಂದೇ ನಾಯಿ ಬೇಕೆನ್ನುವ ಆಸೆ ಶಿರಾದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ದೊಡ್ಡ ಜಮೀನ್ದಾರರು ಕೆಲಸಕ್ಕೊಂದು ನಾಯಿ ಸಾಕುತ್ತಿದ್ದರು. ಹಕ್ಕಿ ಎಲ್ಲಿದೆ ಅಂತ ತೋರಿಸುವುದಕ್ಕೆ ಪಾಯಿಂಟರ್, ಪೊದೆಯಿಂದ ಎಬ್ಬಿಸುವುದಕ್ಕೆ ಸ್ಪಾನಿಯಲ್, ಬಿದ್ದದ್ದನ್ನು ಕಚ್ಚಿ ತರುವುದಕ್ಕೆ ರಿಟ್ರೀವರ್. ಆಳುಕಾಳು ಇದ್ದವರ ಲೆಕ್ಕ ಅದು. ಜರ್ಮನಿಯಲ್ಲಿ 19ನೇ ಶತಮಾನದಲ್ಲಿ ಬೇಟೆಯ ಹಕ್ಕು ದೊರೆಗಳ ಕೈ ದಾಟಿ ಸಣ್ಣ ಜಮೀನಿನವರಿಗೂ ಸಿಕ್ಕಿತು. ಅವರ ಮನೆಯಲ್ಲಿ ನಾಲ್ಕು ನಾಯಿಗೆ ಕೂಳು ಎಲ್ಲಿಂದ ಬರಬೇಕು? ಹಾಗಾಗಿ ಹುಡುಕುವುದು, ತೋರಿಸುವುದು, ನೀರಿಗಿಳಿದು ತರುವುದು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವುದು, ಎಲ್ಲ ಒಂದೇ ನಾಯಿಗೆ ಬರುವ ಹಾಗೆ ತಳಿ ಬೆಳೆಸಿದರು. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಆ ಪೈಕಿಯದು. ಹಂಗೇರಿಯ ವಿಜ್ಲಾ, ಫ್ರಾನ್ಸಿನ ಬ್ರಿಟನಿ ಕೂಡ ಇದೇ ಸಾಲಿನವು. ಈಗಲೂ ಅಲ್ಲಿ ಇಂಥ ನಾಯಿಗಳಿಗೆ ಹೊಲ, ಕಾಡು, ನೀರು ಮೂರರಲ್ಲೂ ಪರೀಕ್ಷೆ ಇಡುತ್ತಾರೆ.

ಅಂಥದ್ದೊಂದು ನಾಯಿಯನ್ನು ಚಿಂತಾಮಣಿಯ ಪರಿಚಯದವರೊಬ್ಬರು ಬೆಂಗಳೂರಿನಿಂದ ತಂದಿದ್ದರು. ಬಿಳಿ ಮೈ, ಕಂದು ತಲೆ, ಮೈತುಂಬ ಚುಕ್ಕೆ. ಒಂದು ಬೆಳಗ್ಗೆ ಅವರ ರಾಗಿ ಕೊಯ್ದ ಹೊಲದಲ್ಲಿ ಹೋಗುತ್ತಿದ್ದೆವು. ಕೂಳೆಯ ನಡುವೆ ಓಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ನಿಂತಿತು. ಮುಂಗಾಲು ಒಂದು ಮೇಲೆ. ಬಾಲ ಕೋಲಿನ ಹಾಗೆ ನೆಟ್ಟಗೆ. ಉಸಿರು ಮಾತ್ರ ಆಡುತ್ತಿತ್ತು. ಪಕ್ಕದ ಹೊಲದ ಅಜ್ಜ ಓಡಿ ಬಂದರು. "ಡಾಕ್ಟ್ರೇ, ಕಾಲಿಗೆ ಮುಳ್ಳು ಹೊಕ್ಕಿರಬೇಕು ನೋಡಿ" ಅನ್ನುತ್ತಾ ಬಗ್ಗಿದರು. ಅಷ್ಟರಲ್ಲಿ ಅವರ ಕಾಲ ಬುಡದಿಂದಲೇ ಬರ್ರೆಂದು ಎರಡು ಗೌಜಲ ಹಕ್ಕಿ ಎದ್ದವು. ಅಜ್ಜ ಕೂತೇಬಿಟ್ಟರು. ನಾಯಿ ಮಾತ್ರ ನಿಂತ ಜಾಗ ಬಿಡಲಿಲ್ಲ.

ತೋಳವು ಬೇಟೆಯ ಮೇಲೆ ಹಾರುವ ಮುಂಚೆ ಒಂದು ಗಳಿಗೆ ತಡೆದು ನಿಲ್ಲುತ್ತದಲ್ಲ, ಆ ಗಳಿಗೆಯನ್ನೇ ತಲೆಮಾರುಗಳ ಕಾಲ ಆರಿಸಿ ಆರಿಸಿ ಉದ್ದ ಮಾಡಿದ್ದಾರೆ. ನೋಡುವುದಕ್ಕೆ ಅದ್ಭುತ. ಆದರೆ ಹಾಗೆ ಮಾಡಿದ ನಾಯಿಗೆ ದಿನಾ ಗಂಟೆಗಟ್ಟಲೆ ಓಟ ಬೇಕು. ಮಳೆಗಾಲದಲ್ಲಿ ಹತ್ತು ದಿನ ಕಟ್ಟಿಹಾಕಿದ್ದಕ್ಕೆ ಅದೇ ನಾಯಿ ಹಗ್ಗ ಕಡಿದುಕೊಂಡು ಟೊಮೇಟೊ ತೋಟಕ್ಕೆ ಹೋಗಿ ಎರಡು ಸಾಲು ಡ್ರಿಪ್ ಪೈಪನ್ನು ಅಗಿದು ಹಾಕಿತ್ತು. ಬೇಟೆ ಇಲ್ಲದ ಊರಿನಲ್ಲಿ ಬೇಟೆ ನಾಯಿ ತನಗೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ.

"ಹಂಗಾದ್ರೆ ಮುಧೋಳ?" ಅಂದ ಹುಡುಗ. ನಮ್ಮ ರಾಜ್ಯದ ನಾಯಿ, ಅಭಿಮಾನ ನನಗೂ ಇದೆ. ಮುಧೋಳದ ಘೋರ್ಪಡೆ ರಾಜರು ಬೆಳೆಸಿದ ತಳಿ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೂ ಇದೆ. ಆದರೆ ಅದು ಎಲ್ಲದಕ್ಕೂ ಆಗುವ ನಾಯಿ ಅಲ್ಲ. ಕಣ್ಣಿನ ನಾಯಿ. ದೂರದಲ್ಲಿ ಏನಾದರೂ ಓಡಿತೋ, ತಾನೂ ಓಡುತ್ತದೆ. ಆಗ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ಇದು ಪುಸ್ತಕ ಓದಿ ಹೇಳುತ್ತಿರುವ ಮಾತಲ್ಲ. ಮಧುಗಿರಿ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದಾಗ ನಾನೇ ಒಂದು ಸಾಕಿದ್ದೆ. ಒಂದು ಸಂಜೆ ಸುಮ್ನೆ ಸರಪಳಿ ಬಿಚ್ಚಿದೆ. ಬದುವಿನಿಂದ ಮೊಲ ಎದ್ದಿತು. ಎರಡೂ ಕಣ್ಣ ಮುಂದೆಯೇ ಸಣ್ಣದಾಗುತ್ತಾ ಹೋದವು. ಮೊಲ ಮುಳ್ಳುತಂತಿಯ ಕೆಳಗೆ ನುಸುಳಿತು. ನನ್ನ ನಾಯಿ ತಂತಿ ನೋಡಲೇ ಇಲ್ಲ. ಭುಜದ ಚರ್ಮ ಅಂಗಿ ಹರಿದ ಹಾಗೆ ಹರಿದಿತ್ತು. ಅವುಗಳ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಅರಿವಳಿಕೆಯನ್ನೂ ಅಳೆದೂ ಸುರಿದೂ ಕೊಡಬೇಕು, ಇಲ್ಲದಿದ್ದರೆ ಏಳುವುದು ತಡ. ಟಾರ್ಚಿನ ಬೆಳಕಿನಲ್ಲಿ ಹನ್ನೊಂದು ಹೊಲಿಗೆ ಹಾಕಿದೆ. ಅದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ ಅಂತ ನಿಮಗೆ ಗೊತ್ತು. ಆ ದಿನ ಎದ್ದದ್ದು ಮೊಲದ ಬದಲು ಜಿಂಕೆಮರಿ ಆಗಿದ್ದರೆ? ಆಮೇಲೆ ನಾನು ಅದನ್ನು ಬಯಲಿನಲ್ಲಿ ಬಿಡಲೇ ಇಲ್ಲ.

ಬೀಗಲ್ ಬಗ್ಗೆಯೂ ಕೇಳಿದ. ಅದು ಮೂಗಿನ ನಾಯಿ. ಮೂಗು ನೆಲಕ್ಕೆ ತಾಗಿತೆಂದರೆ ಯಜಮಾನ ಯಾರೆಂಬುದೇ ಮರೆತುಹೋಗುತ್ತದೆ. ಲ್ಯಾಬ್ರಡಾರ್ ಒಳ್ಳೆಯದು, ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ನೆರಳು ಬಿಟ್ಟು ಏಳುವುದಿಲ್ಲ.

ಕೊನೆಗೆ ನಾನೇ ಕೇಳಿದೆ: "ನಿನ್ನ ಹೊಲದಲ್ಲಿ ನಿಜವಾಗಿ ತೊಂದರೆ ಕೊಡೋದು ಯಾವುದಪ್ಪಾ?" ಒಂದು ಗಳಿಗೆಯೂ ಯೋಚಿಸಲಿಲ್ಲ. "ಹೆಗ್ಗಣ ಸಾರ್."

ಅಲ್ಲಿಗೆ ಮಾತು ದಾರಿಗೆ ಬಂತು. ಹೊಲದ ಹೆಗ್ಗಣ ತಿಂದಷ್ಟೇ ಅಲ್ಲ, ಬಿಲದೊಳಗೆ ಕೂಡಿಡುತ್ತದೆ. ಅದನ್ನು ಹಿಡಿಯುವುದಕ್ಕೆ ಜರ್ಮನಿಯ ನಾಯಿ ಬೇಡ. ಊರಿನ ಕಂತ್ರಿ ನಾಯಿ ಕೆಲಸ ಮಾಡುವುದನ್ನು ಯಾವತ್ತಾದರೂ ನಿಂತು ನೋಡಿ. ಬಿಲಕ್ಕೆ ಮೂಗಿಟ್ಟು ಒಮ್ಮೆ ಜೋರಾಗಿ ಉಸಿರು ಬಿಡುತ್ತದೆ. ಒಳಗೆ ಇದ್ದರೆ ಕಿವಿ ನಿಮಿರುತ್ತವೆ. ಎರಡು ನಿಮಿಷ ಕೆರೆದು, ಸದ್ದಿಲ್ಲದೆ ಮೂರು ಮಾರು ಆಚೆಗಿನ ಇನ್ನೊಂದು ತೂತಿನ ಮುಂದೆ ಹೋಗಿ ಕೂರುತ್ತದೆ. ಹೆಗ್ಗಣದ ಬಿಲಕ್ಕೆ ಹಿಂಬಾಗಿಲು ಇದೆ ಅಂತ ಅದಕ್ಕೆ ಯಾರು ಹೇಳಿಕೊಟ್ಟರು? ಮೂಗು, ಕಣ್ಣು, ತಾಳ್ಮೆ, ಮೂರೂ ಇವೆ. ರಾತ್ರಿ ಬೊಗಳುವುದಂತೂ ಇದ್ದೇ ಇದೆ.

ನಾಯಿ ಇಟ್ಟುಕೊಂಡರೆ ಇಲಿ ಪಾಷಾಣ ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಜಿಂಕ್ ಫಾಸ್ಫೈಡ್ ತಿಂದ ಇಲಿಯನ್ನು ನಾಯಿ ತಿಂದರೆ ಅದಕ್ಕೂ ಅಪಾಯ, ಆ ವಿಷಕ್ಕೆ ಮಾರುಮದ್ದಿಲ್ಲ. ಬ್ರೋಮಡಿಯೋಲೋನ್ ಬಿಲ್ಲೆಯಾದರೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಬೇಗ ಕರೆತಂದರೆ ವಿಟಮಿನ್ ಕೆ ಕೊಟ್ಟು ಉಳಿಸಿಕೊಳ್ಳಬಹುದು. ಇನ್ನೊಂದು, ಇಲಿ ಜ್ವರ. ಇಲಿಯ ಮೂತ್ರದಿಂದ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ನಾಯಿಗೆ ಅದಕ್ಕೆ ಲಸಿಕೆ ಇದೆ, ಹಾಕಿಸಿ. ಸತ್ತ ಹೆಗ್ಗಣವನ್ನು ಬರಿಗೈಯಲ್ಲಿ ಎತ್ತಬೇಡಿ.

ಕಾಡುಹಂದಿಯ ಮೇಲೆ ನಾಯಿ ಛೂ ಬಿಡುವವರೂ ಇದ್ದಾರೆ. ಹೊಟ್ಟೆ ಸೀಳಿದ ನಾಯಿಗಳನ್ನು ಗೋಣಿಚೀಲದಲ್ಲಿ ಹೊತ್ತು ತರುತ್ತಾರೆ, ಸಾಕಾಗಿದೆ ನನಗೆ. ನಾಯಿ ಬೊಗಳಲಿ, ಅಷ್ಟು ಸಾಕು. ನಮ್ಮ ಜಿಲ್ಲೆಯಲ್ಲಿ ಚಿರತೆಯೂ ಇದೆ. ಅಂಗಳದಲ್ಲಿ ಸರಪಳಿಗೆ ಕಟ್ಟಿದ ನಾಯಿ ಅದಕ್ಕೆ ಬಡಿಸಿಟ್ಟ ಎಲೆ. ರಾತ್ರಿ ಒಳಗೆ ಕೂಡಿಹಾಕಿ. ಚಿಕ್ಕಬಳ್ಳಾಪುರದ ಕಡೆಯವರಿಗೆ ಒಂದು ಮಾತು: ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ತೋಟದಲ್ಲಿ ಉದುರಿದ್ದನ್ನು ಪ್ರೀತಿಯಿಂದ ಹಾಕಬೇಡಿ.

ಮರಿ ಆರಿಸುವಾಗ ಏನು ನೋಡಬೇಕು ಅಂತ ಹುಡುಗ ಕೇಳಿದ. ತಾಯಿಯನ್ನು ನೋಡು ಅಂದೆ. ತಾಯಿ ಪುಕ್ಕಲಾಗಿದ್ದರೆ ಮರಿಯೂ ಹಾಗೇ ಆಗುವುದು ಜಾಸ್ತಿ. ಎಂಟು ವಾರ ತುಂಬುವ ಮುಂಚೆ ಬಿಡಿಸಿ ತರಬೇಡ. ಒಣಮೀನಿನ ಚೂರನ್ನು ಕಾಗದದಲ್ಲಿ ಸುತ್ತಿ ಹುಲ್ಲಿನಲ್ಲಿ ಬಚ್ಚಿಡು, ಯಾವುದು ಮೂಗಿನಿಂದ ಹುಡುಕುತ್ತದೆ ನೋಡು. ಹಿಂದೆ ನಿಂತು ಚಪ್ಪಾಳೆ ತಟ್ಟು. ಬೆಚ್ಚಲಿ, ಪರವಾಗಿಲ್ಲ. ಬೆಚ್ಚಿದ ಮೇಲೆ ಏನದು ಅಂತ ತಿರುಗಿ ಬರುವ ಮರಿ ನಿನ್ನದು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷ. ಉಣುಗು ಹತ್ತದ ಹಾಗೆ ನೋಡಿಕೋ, ಅದರಿಂದ ಬರುವ ಜ್ವರ ದೊಡ್ಡ ನಾಯಿಯನ್ನೂ ಮಲಗಿಸಿಬಿಡುತ್ತದೆ.

ಆತ ಬೇರೇನೂ ಮಾತಾಡದೆ ಹೋದ. ಬೆಂಗಳೂರಿಗೇ ಹೋಗಿರಬೇಕು ಅಂದುಕೊಂಡಿದ್ದೆ.

ಕಡಲೆಕಾಯಿ ಕೀಳುವ ಹೊತ್ತಿಗೆ ಲಸಿಕೆಗೆಂದು ಬಂದ. ಸ್ಕೂಟರಿನ ಮುಂದೆ ಕಂದು ಬಣ್ಣದ ಮರಿ, ಒಂದು ಕಿವಿ ನೆಟ್ಟಗೆ, ಒಂದು ಜೋತು ಬಿದ್ದದ್ದು. ಅವರ ಊರಿನ ಅಂಗಡಿಯ ಹಿಂದೆ ಈದ ನಾಯಿಯ ಮರಿಯಂತೆ. ಕಾರ್ಡಿನಲ್ಲಿ ಬರೆಯಲು ಹೆಸರು ಕೇಳಿದೆ.

"ಪಾಯಿಂಟರ್ ಸಾರ್" ಅಂದ. "ಅಮ್ಮ ಮಾತ್ರ ಪಾಂಟ್ರ ಅಂತ ಕರೀತಾಳೆ."