ಡ್ಯೂಟಿ ಮುಗಿದರೂ ಗ್ರೂಪ್ ಮುಗಿಯಲ್ಲ

[ದೃಶ್ಯ: ರಾತ್ರಿ, ಆಸ್ಪತ್ರೆಯ ಕಾರಿಡಾರ್. ಗೋಡೆಗೆ ಒರಗಿ ನಿಂತ ಹೌಸ್ ಸರ್ಜನ್, ಕೈಯಲ್ಲಿ ಫೋನ್.]

ನಮಸ್ಕಾರ. 2024ರ ಫೆಬ್ರವರಿಯಲ್ಲಿ ಗದಗದ ವೈದ್ಯಕೀಯ ಕಾಲೇಜಿನ 38 ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಅವರ ತರಬೇತಿಯನ್ನು 10 ದಿನ ಹೆಚ್ಚಿಸಿ ಶಿಕ್ಷೆ ಕೊಟ್ಟರು. ರೋಗಿಗಳು ನರಳುವ ಜಾಗದಲ್ಲಿ ಕುಣಿತ ಬೇಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಫೋನಿನಲ್ಲಿ, ನಮಗ್ಯಾರಿಗೂ ಕಾಣದ ಇನ್ನೊಂದು ಲೋಕ ಇದೆ. ಡಿಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್.

[ದೃಶ್ಯ: ಫೋನಿನಲ್ಲಿ ಸಮಯ ರಾತ್ರಿ 1.40. ಮೆಸೇಜ್ ಮೇಲೆ ಮೆಸೇಜ್.]

"12ನೇ ಬೆಡ್ ರಿಪೋರ್ಟ್ ಎಲ್ಲಿ?" "ಡಿಸ್ಚಾರ್ಜ್ ಸಮ್ಮರಿ ಯಾಕೆ ಬರೆದಿಲ್ಲ?" ಡ್ಯೂಟಿ ಮುಗಿಸಿ ಹಾಸ್ಟೆಲ್ ಸೇರಿದ ಪಿಜಿಗೂ, ಅಂದರೆ ಸ್ನಾತಕೋತ್ತರ ಓದ್ತಿರೋ ವೈದ್ಯರಿಗೂ, ಇದು ಬರುತ್ತೆ. ಬೈಗುಳವೂ ಅಲ್ಲೇ, ಇಡೀ ಯೂನಿಟ್ ಎದುರಿಗೆ. ಯಾರು ಓದಿದ್ದಾರೆ ಅನ್ನೋದು ಕಳಿಸಿದವರಿಗೆ ಕಾಣುತ್ತಲ್ಲ, "ಮಲಗಿದ್ದೆ ಸರ್" ಅನ್ನೋಕೂ ಧೈರ್ಯ ಬೇಕು.

[ಪರದೆ ಮೇಲೆ: 48 ಗಂಟೆ]

ನಿಯಮ ಇಲ್ಲವಾ? ಇದೆ. ಜೂನಿಯರ್ ರೆಸಿಡೆಂಟ್‌ಗಳಿಗೆ, ಅಂದರೆ ಇಂಥ ಕಿರಿಯ ವೈದ್ಯರಿಗೆ, ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಿಂತ ಹೆಚ್ಚಿಲ್ಲ ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು.

[ಪರದೆ ಮೇಲೆ: 74 ಗಂಟೆ]

2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ನಮ್ಮ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾಮಠ ಅವರ ಅಧ್ಯಕ್ಷತೆಯಲ್ಲಿ, ವಾರಕ್ಕೆ 74 ಗಂಟೆ ದಾಟಬಾರದು ಅಂತ ಶಿಫಾರಸು ಮಾಡಿತು. 32 ವರ್ಷದ ಮೇಲೆ, 74 ಗಂಟೆಯಾದರೂ ಸಾಕು ಅಂತ ಕೇಳೋ ಸ್ಥಿತಿ! ಅದೇ ವರ್ಷ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಕೊಲೆಯಾದ ಟ್ರೈನಿ ವೈದ್ಯೆ, ದೀರ್ಘ ಡ್ಯೂಟಿಯ ನಡುವೆ ಸ್ವಲ್ಪ ಮಲಗೋಕೆ ಹೋಗಿದ್ದು ಸೆಮಿನಾರ್ ಹಾಲ್‌ಗೆ. ಆಮೇಲೆ ಅವರ ಹೆಸರು, ಫೋಟೊ ಎಲ್ಲರ ಫೋನಿನಲ್ಲೂ ಹರಿದಾಡಿ, ತೆಗೆಸೋಕೆ ಸುಪ್ರೀಂ ಕೋರ್ಟೇ ಆದೇಶ ಕೊಡಬೇಕಾಯ್ತು.

[ದೃಶ್ಯ: ನಿರೂಪಕಿ ಕ್ಯಾಮೆರಾಗೆ ನೇರವಾಗಿ]

ಹೀಗೆ ಬಿಡುವಿಲ್ಲದೆ ದುಡಿದರೆ ಕಾಡೋದು ಬರ್ನ್‌ಔಟ್. ಅದು ಬರೀ ಸುಸ್ತಲ್ಲ. ಮೈಯಲ್ಲಿ ಕಸುವೇ ಉಳಿಯಲ್ಲ. ನೋವು ಅಂತ ಅಳೋ ರೋಗಿ ನಾಟಕ ಆಡ್ತಿದ್ದಾರೆ ಅನ್ನಿಸೋಕೆ ಶುರುವಾಗುತ್ತೆ. ನನ್ನ ಕೈಯಲ್ಲಿ ಏನೂ ಆಗಲ್ಲ ಅನ್ನೋ ಭಾವ ಕೂರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇದ್ದಾಗ ಆಗೋದು ಅಂತು. ಹಾಗಾಗಿ ನನಗೆ, ವರ್ಷಕ್ಕೊಂದು ಯೋಗ ಶಿಬಿರ ಇದಕ್ಕೆ ಉತ್ತರ ಅನ್ನಿಸಲ್ಲ.

ಇನ್ನು ನೈಟ್ ಮುಗಿಸಿ ಬಂದ ಸ್ಟಾಫ್ ನರ್ಸ್, "ಐದೇ ನಿಮಿಷ" ಅಂತ ರೀಲ್ಸ್ ತೆರೆದು ಒಂದು ಗಂಟೆ ನೋಡ್ತಾರೆ. ನಿದ್ದೆ ಹೋಗುತ್ತೆ, ನಿಜ. ಆದರೆ ಇಡೀ ದಿನದಲ್ಲಿ ಅವರದು ಅಂತ ಇದ್ದಿದ್ದು ಆ ಒಂದೇ ಗಂಟೆ. ಅದನ್ನೂ ಬಿಡಿ ಅನ್ನೋ ಮುಂಚೆ ಇನ್ನೊಂದು ಗಂಟೆ ಕೊಡಬೇಕಲ್ವಾ?

ಮನಸ್ಸು ತೀರಾ ಭಾರವಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

[ದೃಶ್ಯ: ಫೋನ್ ಪರದೆ ಆರುತ್ತದೆ.]

ಯೂನಿಟ್ ಚೀಫ್ ಯಾರಾದರೂ ಇದನ್ನು ನೋಡ್ತಿದ್ದರೆ ಒಂದು ಕೋರಿಕೆ. ತುರ್ತು ಇದ್ದರೆ ಡ್ಯೂಟಿಯಲ್ಲಿರೋರಿಗೆ ಫೋನ್ ಮಾಡಿ. ಮನೆಗೆ ಹೋದವರು ಮಲಗಲಿ.