ಜಗುಲಿಯಲ್ಲಿ ಕಾಯುವ ಡ್ರೈವರ್‌ಗಳು

ಕೇಳುಗರೇ, ನಮಸ್ಕಾರ.

ಕಂಪ್ಯೂಟರಿಗೆ ವೈಫೈ ಡಾಂಗಲ್ ಸಿಕ್ಕಿಸುತ್ತೀರಿ. ಅದರ ಜೊತೆ ಮಾತಾಡಲು ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಡ್ರೈವರ್ ಎಂಬ ಒಂದು ಪ್ರೋಗ್ರಾಂ ಬೇಕು. ಲಿನಕ್ಸ್ ಕರ್ನಲ್ಲಿನ ಕೋಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ಡ್ರೈವರ್‌ಗಳೇ. ಎಷ್ಟೋ ಡ್ರೈವರ್‌ಗಳನ್ನು ಬರೆಯುವುದು ಚಿಪ್ ಮಾರುವ ಕಂಪನಿಗಳು. ಅವರಿಗೆ ಅದು ಓಡಿದರೆ ಸಾಕು, ಚೆಂದ ಯಾರಿಗೆ ಬೇಕು!

ಅದಕ್ಕೇ 2008ರಲ್ಲಿ ಲಿನಕ್ಸ್ ಕರ್ನಲ್ ಕಟ್ಟುವವರಲ್ಲೊಬ್ಬರಾದ ಗ್ರೆಗ್ ಕ್ರೋವಾ-ಹಾರ್ಟ್‌ಮನ್ 'ಸ್ಟೇಜಿಂಗ್' ಎಂಬ ವಿಭಾಗ ತಂದರು. ಒಂಥರಾ ಮನೆಯ ಜಗುಲಿ. ಒರಟು ಡ್ರೈವರ್‌ಗಳು ಅಲ್ಲಿ ಕೂರುತ್ತವೆ, ಸ್ವಚ್ಛವಾದ ಮೇಲೆ ಒಳಗೆ ಬರುತ್ತವೆ. ಅಲ್ಲಿಂದ ಒಂದನ್ನು ಲೋಡ್ ಮಾಡಿದರೆ ಕರ್ನಲ್ ತನ್ನ ಮೇಲೆ ತಾನೇ 'ಕಸ ಸೇರಿದೆ' ಎಂಬ ಗುರುತು ಹಾಕಿಕೊಳ್ಳುತ್ತದೆ. ತಮಾಷೆಯಲ್ಲ, ನಿಜ!

ಹೊಸಬರು ಇಲ್ಲಿ ಸ್ಪೇಸ್, ಟ್ಯಾಬ್, ಉದ್ದ ಸಾಲು ಸರಿಮಾಡುತ್ತಾರೆ. ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ತಪ್ಪು ತೋರಿಸುತ್ತದೆ. ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸುವ ಪದ್ಧತಿ ಕಲಿಯಲು ಒಳ್ಳೆಯದೇ. ಆದರೆ ನನ್ನ ಪ್ರಕಾರ ಅದು ಬರೀ ಸುಣ್ಣಬಣ್ಣ.

ನಿಜವಾದ ಕೊಳೆ ಇರುವುದು ಸೋಲಿನ ದಾರಿಯಲ್ಲಿ. ಡ್ರೈವರ್ ಶುರುವಾಗುವಾಗ ಮೊದಲು ಮೆಮೊರಿ ಕೇಳುತ್ತದೆ, ಆಮೇಲೆ ಚಿಪ್ಪಿಗೆ ತಾಳ ಕೊಡುವ ಕ್ಲಾಕ್, ಆಮೇಲೆ 'ನನ್ನ ಕಡೆ ನೋಡು' ಎಂದು ಚಿಪ್ ಕರೆಯುವ ಇಂಟರಪ್ಟ್. ಮೂರನೆಯದು ಸಿಗಲಿಲ್ಲ ಅಂದರೆ ಮೊದಲೆರಡನ್ನು ಹಿಂದಿನಿಂದ ಮುಂದಕ್ಕೆ ವಾಪಸ್ ಕೊಡಬೇಕು. ಬರೆದವರ ಮೇಜಿನ ಮೇಲೆ ಎಲ್ಲವೂ ಯಾವಾಗಲೂ ಸಿಗುತ್ತಿತ್ತು, ಅಲ್ವಾ? ಹಾಗಾಗಿ ಈ ದಾರಿಯಲ್ಲಿ ಯಾರೂ ನಡೆದೇ ಇರುವುದಿಲ್ಲ.

2007ರಲ್ಲಿ ಬಂದ 'ಡೆವ್‌ಎಂ' ಫಂಕ್ಷನ್‌ಗಳು ಈ ವಾಪಸಾತಿಯನ್ನು ಕರ್ನಲ್‌ಗೇ ಒಪ್ಪಿಸಿದವು. ಎಷ್ಟೋ ಸಾಲು ಬರೆಯುವುದು ತಪ್ಪಿತು. ಹಾಗಂತ ಸುಮ್ನೆ ಎಲ್ಲವನ್ನೂ ಬದಲಾಯಿಸಿದರೆ ಹೊಸ ತೊಂದರೆ. ಇಂಟರಪ್ಟನ್ನು ಡೆವ್‌ಎಂಗೆ ಕೊಟ್ಟು, ಮೆಮೊರಿಯನ್ನು ಮಾತ್ರ, ಡ್ರೈವರ್ ಹೊರಡುವಾಗ ಓಡುವ ರಿಮೂವ್ ಫಂಕ್ಷನ್ನಿನಲ್ಲಿ ಕೈಯಾರೆ ಬಿಟ್ಟುಕೊಟ್ಟಿರಿ ಅನ್ನಿ. ಇಂಟರಪ್ಟ್ ಹೋಗುವುದು ಆ ಫಂಕ್ಷನ್ ಮುಗಿದ ಮೇಲೆ. ನಡುವೆ ಒಂದು ಇಂಟರಪ್ಟ್ ಬಂದರೆ ಇಲ್ಲದ ಮೆಮೊರಿಯನ್ನು ಮುಟ್ಟುತ್ತದೆ. ಕೋಡು ನೋಡಲು ಚೊಕ್ಕ, ಯಂತ್ರ ಮಾತ್ರ ಧೊಪ್ಪನೆ ಬೀಳುತ್ತದೆ.

ಇನ್ನು ಕೆಲವು ಡ್ರೈವರ್‌ಗಳ ಬುಡವೇ ಬೇರೆ. ರಿಯಲ್‌ಟೆಕ್‌ನ 8188ಇಯು ಚಿಪ್ಪಿನ ಡ್ರೈವರ್ ತನ್ನದೇ ವೈಫೈ ವ್ಯವಸ್ಥೆಯನ್ನು ಹೊತ್ತು ತಂದಿತ್ತು. ಕರ್ನಲ್ಲಿನಲ್ಲಿ ಆ ಕೆಲಸಕ್ಕೆ 'ಮ್ಯಾಕ್80211' ಆಗಲೇ ಇತ್ತು. ವರ್ಷಗಟ್ಟಲೆ ಜನ ಆ ಡ್ರೈವರನ್ನು ತಿದ್ದಿದರು. ಕೊನೆಗೆ ಮ್ಯಾಕ್80211 ಬಳಸುವ ಇನ್ನೊಂದು ಡ್ರೈವರಿಗೇ ಆ ಚಿಪ್ಪನ್ನು ನಡೆಸಲು ಕಲಿಸಿದರು. 2023ರಲ್ಲಿ ಜಗುಲಿಯ ಡ್ರೈವರನ್ನು ಪೂರ್ತಿ ಅಳಿಸಿಹಾಕಿದರು. ಆ ಚಿಪ್ ಇರುವ ಡಾಂಗಲ್ ನಿಮ್ಮಲ್ಲಿದ್ದರೆ ಯೋಚನೆ ಬೇಡ, ಹೊಸ ಕರ್ನಲ್ಲಿನಲ್ಲೂ ಓಡುತ್ತದೆ.

ನಮಸ್ಕಾರ.